ಜರಿ ಪಡೆಯ ಊರು

ಲಿಬೊರಿಯೊನ ಹೆಣದ ಮೇಲೆ ಹೊದಿಸಿದ್ದ ಬಟ್ಟೆಯನ್ನು ಪೊಲೀಸರು ಓದಿ ಮುಗಿಸುವಷ್ಟರಲ್ಲಿ ಕೇಸೂ ಮುಗಿದಿತ್ತು. ಬಿಳಿ ಹಾಸಿಗೆ ಬಟ್ಟೆ, ಕೆಂಪು ಬಣ್ಣ, ವಕ್ರ ಅಕ್ಷರ. 'ಈ ಊರು ನಮ್ಮದು. ಜರಿ ಪಡೆ.' ಅಷ್ಟೇ. ಸಂಜೆ ಟಿವಿಯಲ್ಲಿ ಸರ್ಕಾರಿ ಪ್ರಾಸಿಕ್ಯೂಟರು ಸಾಂತಾ ರೊಸೆಂದಾ ಊರಿನ ನಕ್ಷೆಯ ಮುಂದೆ ಕೋಲು ಹಿಡಿದು ನಿಂತ. ಊರಿನ ಮಾದಕ ಮಾಲೆಲ್ಲ ಈಗ ಜರಿಹುಳದ ಹೆಸರಿಟ್ಟುಕೊಂಡ ಜರಿ ಪಡೆ ಎಂಬ ಗ್ಯಾಂಗಿನ ಕೈಯಲ್ಲಿದೆ, ಅವರ ಹತ್ತಿರ ಮುನ್ನೂರು ಬಂದೂಕುಗಳಿವೆ, ಈ ಕೊಲೆ ಅವರದೇ, ಸತ್ತವನಿಗೂ ಅವರಿಗೂ ಏನೋ ವ್ಯವಹಾರ ಇದ್ದಿರಬೇಕು ಎಂದ. ನಕ್ಷೆಯಲ್ಲಿ ಊರು ಪೂರ್ತಿ ಕೆಂಪಗಿತ್ತು.

ವ್ಯವಹಾರ! ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಆ ಪದ ಎವಾರಿಸ್ತೊನನ್ನು ಇವತ್ತಿಗೂ ಚುಚ್ಚುತ್ತಿತ್ತು. ಅವನ ಅಣ್ಣ ಲಿಬೊರಿಯೊನಿಗೆ ಇದ್ದ ವ್ಯವಹಾರವೆಂದರೆ ರೊಟ್ಟಿಯದು. ಸುಣ್ಣದ ನೀರಲ್ಲಿ ಮೆಕ್ಕೆಜೋಳ ಬೇಯಿಸುವುದು, ನೆನೆಹಾಕುವುದು, ಬೆಳಗಿನ ಜಾವ ಎದ್ದು ರುಬ್ಬಿ ಯಂತ್ರಕ್ಕೆ ಹಾಕುವುದು, ಕಾಗದದಲ್ಲಿ ಸುತ್ತಿ ಕಿಲೋ ಲೆಕ್ಕದಲ್ಲಿ ಮಾರುವುದು. ಕೈಗೆ ಅಂಟಿದ ಸುಣ್ಣ ತೊಳೆದರೂ ಹೋಗುತ್ತಿರಲಿಲ್ಲ. ಶವಪೆಟ್ಟಿಗೆಯಲ್ಲಿ ಮಲಗಿಸುವಾಗಲೂ ಅಣ್ಣನ ಉಗುರಿನ ಬುಡ ಬೆಳ್ಳಗೇ ಇತ್ತು. ಇಂಥವನನ್ನು ಮಾದಕ ಮಾಲಿನವನು ಅಂದುಬಿಟ್ಟರು, ಅದೂ ಟೈ ಕಟ್ಟಿಕೊಂಡು.

ಎವಾರಿಸ್ತೊ ಹೆಚ್ಚು ಓದಿದವನಲ್ಲ. ಆದರೆ ನಕ್ಷೆ ನೋಡಲು ಬರುತ್ತಿತ್ತು. ಕೆಲವು ವರ್ಷದ ಹಿಂದೆ ಇದೇ ನಕ್ಷೆ ಹಸಿರಾಗಿತ್ತು, ಆಗ ಊರು ಬೇರೆ ಯಾರದೋ ಕೈಯಲ್ಲಿತ್ತಂತೆ. ಆಮೇಲೆ ನೀಲಿಯಾಯಿತು, ಹಸಿರಿನವರನ್ನು ಓಡಿಸಿದರಂತೆ. ಈಗ ಕೆಂಪು. ಪ್ರತಿ ಬಣ್ಣಕ್ಕೂ ಒಂದು ಹೊಸ ಹೆಸರು, ಪ್ರತಿ ಹೆಸರಿಗೂ ಒಂದಿಷ್ಟು ಹೆಣ, ಪ್ರತಿ ಹೆಣದ ಮೇಲೂ ಒಂದು ಬಟ್ಟೆ. ಆದರೆ ಹಸಿರಲ್ಲೂ ನೀಲಿಯಲ್ಲೂ ಕೆಂಪಲ್ಲೂ ಶುಕ್ರವಾರ ಬೀದಿಗೆ ಹಫ್ತಾ ವಸೂಲಿಗೆ ಬಂದವನು ಒಬ್ಬನೇ. ಬಾಲ್ತಸಾರ್. ಅದೇ ಹೊಟ್ಟೆ, ಅದೇ ಹುಲ್ಲಿನ ಟೊಪ್ಪಿ. ಮೂರು ದೊಡ್ಡ ಯುದ್ಧ ನಡೆದು ಊರು ಮೂರು ಕೈ ಬದಲಾಯಿಸಿದರೂ ಒಬ್ಬ ವಸೂಲಿಯವನ ಟೊಪ್ಪಿ ಕೂಡ ಬದಲಾಗಲಿಲ್ಲವೆಂದರೆ ಅದೆಂಥ ಯುದ್ಧ?

ಇನ್ನು ಆ ಮುನ್ನೂರು ಬಂದೂಕು. ಬಂದೂಕಿನ ಹಿಂದೆ ಗಂಡಸು ಇರಬೇಕು, ಗಂಡಸಿಗೆ ಹೊಟ್ಟೆ ಇರಬೇಕು. ಮುನ್ನೂರು ಹೊಟ್ಟೆ ಎಲ್ಲಿ ತಿನ್ನುತ್ತಿದ್ದವು? ಮದುವೆಗೆಂದು ಹತ್ತು ಜನ ನೆಂಟರು ಬಂದಿಳಿದರೂ ರೊಟ್ಟಿ ಅಂಗಡಿಗೆ ಮೊದಲು ಗೊತ್ತಾಗುವ ಊರು ಇದು.

ಸತ್ಯವನ್ನು ಕಣ್ಣಾರೆ ಕಂಡವನು ಲಿಬೊರಿಯೊ. ಒಂದು ಶುಕ್ರವಾರ ಬಾಲ್ತಸಾರ್‌ನ ಹಿಂದೆಯೇ ಹೋಗಿ ಬಂದು, ಜೋಳದ ಮೂಟೆ ಇಳಿಸುತ್ತಾ ಹೇಳಿದ್ದ.

"ಲೋ, ಜರೀನೂ ಇಲ್ಲ, ಗಿರೀನೂ ಇಲ್ಲ ಕಣೋ. ಸೀದಾ ಪೊಲೀಸ್ ಠಾಣೆ ಹಿಂಬಾಗಿಲಿಗೆ ಹೋದ. ಅತ್ತೆ ಮನೆಗೆ ಹೋದಂಗೆ, ಬೆಲ್ಟ್ ಸಡಿಲ ಮಾಡ್ಕೊಂಡು."

"ಬಾಯ್ ಮುಚ್ಕೊಂಡಿರಣ್ಣ."

"ನಾನ್ಯಾಕ್ ಮುಚ್ಕೊಳ್ಲಿ? ಸರ್ಕಾರಕ್ಕೇ ಕೊಡ್ತಿದೀನಿ ಅಂದ್ಮೇಲೆ ರಸೀದಿ ಕೇಳ್ತೀನಿ."

ತಮಾಷೆಗೆ ಹೇಳಿದನೆಂದು ಎವಾರಿಸ್ತೊ ನಕ್ಕಿದ್ದ. ಮುಂದಿನ ಶುಕ್ರವಾರ ಅಣ್ಣ ನಿಜವಾಗಿಯೂ ಕೇಳಿಬಿಟ್ಟ. ಎಲ್ಲರೆದುರು, ಸಾಲಲ್ಲಿ ನಿಂತ ಹೆಂಗಸರೆದುರು, ನಗುನಗುತ್ತಾ. ಬಾಲ್ತಸಾರ್ ಕೂಡ ನಕ್ಕ. ಭಾನುವಾರ ಅಣ್ಣ ಬಟ್ಟೆಯ ಕೆಳಗಿದ್ದ.

ಆಮೇಲೂ ಶುಕ್ರವಾರಗಳು ಬಂದವು. ಬಾಲ್ತಸಾರ್ ಕಿಟಕಿಗೆ ಮೊಣಕೈ ಊರಿ, ಬಿಸಿ ರೊಟ್ಟಿಗೆ ಉಪ್ಪು ಸವರಿಸಿಕೊಂಡು ತಿನ್ನುತ್ತಾ ಹೇಳುವನು: "ನಿಮ್ಮಣ್ಣ ಒಳ್ಳೇವ್ನೇ ಪಾಪ. ಆದ್ರೆ ಜರಿ ಕಚ್ಚಿದ್ರೆ ಹಂಗೇನೆ, ಮದ್ದಿಲ್ಲ."

"ಹೌದು ಬಾಲ್ತಸಾರ್ ಸಾಹೇಬ್ರೆ, ಮದ್ದಿಲ್ಲ," ಎನ್ನುತ್ತಿದ್ದ ಎವಾರಿಸ್ತೊ. ದುಡ್ಡು ಕೊಟ್ಟು ತಲೆ ಬಗ್ಗಿಸುತ್ತಿದ್ದ. ಆ ಬಗ್ಗಿಸಿದ ತಲೆಯೊಳಗೆ ಒಂದು ಯೋಚನೆ ಮೊಳೆತು ನಿಧಾನವಾಗಿ ಬಲಿಯತೊಡಗಿತ್ತು.

ಯೋಚನೆ ಎಷ್ಟು ಸರಳವಾಗಿತ್ತೆಂದರೆ, ಊರಲ್ಲಿ ಇನ್ಯಾರಿಗೂ ಅದು ಹೊಳೆಯಲಿಲ್ಲವೇ ಎಂದು ಅವನಿಗೆ ಅನುಮಾನ ಬಂತು. ಜರಿ ಪಡೆ ಮಾಡಿದ ಕೊಲೆಯನ್ನು ಯಾರೂ ತನಿಖೆ ಮಾಡುವುದಿಲ್ಲ. ಬಟ್ಟೆ ಓದುತ್ತಾರೆ, ನಕ್ಷೆ ತೋರಿಸುತ್ತಾರೆ, ಮನೆಗೆ ಹೋಗುತ್ತಾರೆ. ಹಾಗಿದ್ದರೆ ಬಾಲ್ತಸಾರ್‌ನನ್ನೂ ಜರಿ ಪಡೆಯೇ ಕೊಲ್ಲಲಿ! ಆಗ ಅವರು ಏನು ಮಾಡುತ್ತಾರೆ? ಇದು ಜರಿ ಪಡೆ ಅಲ್ಲ ಎನ್ನಬೇಕಾದರೆ ಜರಿ ಪಡೆಯೇ ಇಲ್ಲ ಎನ್ನಬೇಕು. ಹಾಗೆಂದರೆ ಹಿಂದಿನ ಹೆಣಗಳೆಲ್ಲ ಎದ್ದು ಕೂರುತ್ತವೆ, ನಮ್ಮನ್ನು ಕೊಂದವರು ಯಾರು ಎಂದು ಕೇಳುತ್ತವೆ. ಅವರು ಕಟ್ಟಿದ ಸುಳ್ಳಿನೊಳಗೇ ಅವರನ್ನು ಕೂರಿಸಿ ಹೊರಗಿನಿಂದ ಚಿಲಕ ಹಾಕಿದ ಹಾಗೆ.

ಠಾಣೆಯವರಿಗೆ ಇದು ತಾವು ಮಾಡಿಸಿದ ಕೊಲೆ ಅಲ್ಲವೆಂಬುದು ಗೊತ್ತೇ ಇರುತ್ತದೆ. ಅದನ್ನೂ ಅವನು ಯೋಚಿಸಿದ್ದ. ಗುಟ್ಟಾಗಿ ಹುಡುಕುತ್ತಾರೆ, ಹುಡುಕಲಿ. ಯಾರನ್ನೆಂದು ಹುಡುಕಿಯಾರು? ಮಾರುಕಟ್ಟೆಯಿಂದ ಬಸ್ ನಿಲ್ದಾಣದವರೆಗೆ ಬಾಲ್ತಸಾರ್ ಸತ್ತರೆ ಹಬ್ಬ ಮಾಡುವ ಮನೆಗಳೇ ಎಲ್ಲ. ಕೋಳಿ ಅಂಗಡಿಯವನ ಮಗಳ ವಿಷಯದಲ್ಲಿ ಅವನು ಮಾಡಿದ್ದೇನು, ಔಷಧಿ ಅಂಗಡಿಯ ಮುದುಕನ ಕೈ ಮುರಿದಿದ್ದು ಯಾಕೆ, ಎಲ್ಲರಿಗೂ ಗೊತ್ತು. ಕಾರಣವೇ ಸಾಕ್ಷಿಯಾದರೆ ಊರನ್ನೇ ಜೈಲಿಗೆ ಹಾಕಬೇಕು. ಗುಂಪಿನೊಳಗೆ ಒಂದು ತಲೆಯಾಗಿ ಉಳಿದುಬಿಟ್ಟರೆ ಎವಾರಿಸ್ತೊ ಬದುಕಿದ. ಎದ್ದು ಕಂಡನೋ, ಸತ್ತ. ಅವನು ಸತ್ತರೆ ಅಣ್ಣನ ಹೆಂಡತಿ ಹಸಿಂತಾ, ಇನ್ನೂ ನಡೆಯಲು ಬಾರದ ಅವಳ ಮಗು, ಇಬ್ಬರೂ ಬೀದಿಪಾಲು.

ಆದ್ದರಿಂದ ಅವನು ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡ. ಏನೇ ಆಗಲಿ, ಎಂದಿನಂತೆ ಇರಬೇಕು. ಕೊಲೆ ಮಾಡಿದವನು ಊರು ಬಿಡುತ್ತಾನೆ, ಕುಡಿಯುತ್ತಾನೆ, ಕ್ಷೌರ ಮಾಡಿಸಿಕೊಳ್ಳುತ್ತಾನೆ, ಇದ್ದಕ್ಕಿದ್ದಂತೆ ಚರ್ಚಿಗೆ ಹೋಗಲು ಶುರು ಮಾಡುತ್ತಾನೆ. ಹಾಗೇ ಸಿಕ್ಕಿಬೀಳುತ್ತಾನೆ. ತಾನು ಮೊದಲು ಹೇಗಿದ್ದನೋ ಆಮೇಲೂ ಹಾಗೇ. ಒಂದು ರೊಟ್ಟಿಯೂ ಹೆಚ್ಚು ಕಡಿಮೆಯಾಗಬಾರದು.

ಹಸಿಂತಾಗೆ ಅವನು ಏನನ್ನೂ ಹೇಳಲಿಲ್ಲ. ಗಂಡನನ್ನು ಕೊಂದಿದ್ದು ಜರಿ ಪಡೆ ಎಂದೇ ಅವಳು ನಂಬಿದ್ದಳು. ರೊಟ್ಟಿ ಸುತ್ತುವಾಗ ಬೀದಿಯಲ್ಲಿ ಬೈಕು ನಿಂತರೂ ಕಟ್ಟನ್ನು ಅಲ್ಲೇ ಬಿಟ್ಟು ಒಳಗೆ ಸರಿಯುತ್ತಿದ್ದಳು.

"ಎವಾ, ಹೊರಟ್ಬಿಡಣ ಇಲ್ಲಿಂದ," ಎಂದಳು ಒಂದು ದಿನ. "ನಮ್ಮಕ್ಕನ ಊರಲ್ಲೂ ಜನ ರೊಟ್ಟಿ ತಿಂತಾರೆ. ಜರಿಯವ್ರಿಗೆ ನಿನ್ ಮುಖಾನೂ ಗುರ್ತಿರುತ್ತೆ."

"ಏನೂ ಆಗಲ್ಲ ಅತ್ತಿಗೆ."

"ಹೆಂಗ್ ಹೇಳ್ತೀಯ? ನಿಂಗೇನ್ ಗೊತ್ತು ಅವ್ರ ವಿಷ್ಯ?"

ಅವನು ಯಂತ್ರದ ಉರಿ ಸರಿ ಮಾಡುವ ನೆಪದಲ್ಲಿ ಬಗ್ಗಿದ. ಗೊತ್ತಿತ್ತು. ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಇಡೀ ಊರು ಹಾಸಿಗೆ ಬಟ್ಟೆಯೊಂದಕ್ಕೆ ಹೆದರಿ ಉಚ್ಚೆ ಹೊಯ್ದುಕೊಳ್ಳುವುದನ್ನು ನೋಡಿ ಅವನಿಗೆ ಕನಿಕರವೂ ಸಿಟ್ಟೂ ಬರುತ್ತಿದ್ದವು.

ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಬಾಲ್ತಸಾರ್‌ಗೆ ಮೀನಿನ ಹುಚ್ಚು. ವಸೂಲಿ ಮುಗಿಸಿ ಊರಾಚೆಯ ಕೆರೆಗೆ ಹೋಗಿ, ಜಾಲಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಗಾಳ ಬಿಟ್ಟು ಕೂರುತ್ತಿದ್ದ. ಒಬ್ಬನೇ. ಆ ಉರಿಬಿಸಿಲಲ್ಲಿ ಅಲ್ಲಿಗೆ ನಾಯಿಯೂ ಹೋಗುತ್ತಿರಲಿಲ್ಲ. ತಾನು ಹೆದರಬೇಕಾದವರೆಲ್ಲ ತನ್ನ ಕಡೆಯವರೇ ಆಗಿರುವಾಗ ಅವನಿಗೆ ಕಾವಲು ಯಾಕೆ?

ಹೊತ್ತನ್ನು ಹೊಂದಿಸುವುದೇ ಕಲೆಯ ಕೆಲಸ. ಎವಾರಿಸ್ತೊ ಪ್ರತಿದಿನ ಬೈಕಿಗೆ ಬುಟ್ಟಿ ಕಟ್ಟಿಕೊಂಡು ಖಾನಾವಳಿಗಳಿಗೆ ರೊಟ್ಟಿ ಹಾಕುತ್ತಿದ್ದ. ಕೊನೆಯದು ಬಸ್ ನಿಲ್ದಾಣದ ಪಕ್ಕದ ಕೀಕಮ್ಮನ ಖಾನಾವಳಿ, ಕೆರೆಯ ದಾರಿಗೆ ಅಂಟಿಕೊಂಡಂತೆ ಇತ್ತು. ಕೀಕಮ್ಮ ಗಡಿಯಾರ ನೋಡುವ ಹೆಂಗಸಲ್ಲ. ಅವಳ ಗಡಿಯಾರ ಎವಾರಿಸ್ತೊನೇ. ಅವನ ಹಾರನ್ ಕೇಳಿದ ಮೇಲೆ ಸಾರಿಗೆ ಉಪ್ಪು, ಸಾರು ಇಳಿಸಿದ ಮೇಲೆ ಊಟದ ಹೊತ್ತು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಶುರುವಾದಾಗಿನಿಂದ ಅವನು ದಿನಕ್ಕೆ ಒಂದಿಷ್ಟೇ ಇಷ್ಟು ಮುಂಚೆ ಹೋಗತೊಡಗಿದ. ಯಾರಿಗೂ ತಿಳಿಯಲಿಲ್ಲ. ಸಾರಿಗೆ ಉಪ್ಪು ಬೇಗ ಬೀಳತೊಡಗಿತು, ಅಷ್ಟೇ; ನಿಜವಾದ ಊಟದ ಹೊತ್ತು ಅವನ ಕೈಗೆ ಬಿಡುವಾಗಿ ಸಿಕ್ಕಿತು. ಯಾರಾದರೂ ಬಂದು ಕೇಳಿದರೆ, "ಊಟದ ಹೊತ್ತಿಗೆ ನಮ್ಮಲ್ಲೇ ಇದ್ದ, ದೇವ್ರಾಣೆ," ಎಂದು ಕೀಕಮ್ಮ ಎದೆ ಮುಟ್ಟಿ ಹೇಳುತ್ತಾಳೆ. ಸುಳ್ಳು ಹೇಳುವವಳಿಗಿಂತ ಹೀಗೆ ತಪ್ಪು ತಿಳಿದ ಒಳ್ಳೆಯವಳೇ ಗಟ್ಟಿ ಸಾಕ್ಷಿ.

ಹಾಸಿಗೆ ಬಟ್ಟೆಯನ್ನು ದೂರದ ಊರಿನ ಹಳೇ ಬಟ್ಟೆ ಸಂತೆಯಲ್ಲಿ ಕೊಂಡ. ಪಿಸ್ತೂಲು ಸಿಕ್ಕಿದ್ದೂ ಅದೇ ಸಂತೆಯ ಹಿಂದಿನ ಓಣಿಯಲ್ಲಿ. ಅಕ್ಷರಗಳನ್ನು ಕೈಗವಸು ಹಾಕಿಕೊಂಡು ಎಡಗೈಯಲ್ಲಿ ಬರೆದ. ಮಾತನ್ನು ತಾನಾಗಿ ಕಟ್ಟಲಿಲ್ಲ, ಅಣ್ಣನ ಮೇಲಿದ್ದುದನ್ನೇ ಇಳಿಸಿದ. ಬರೆಯುವಾಗ ಒಂದು ಸಲ ಕೈ ನಿಂತಿತು. 'ಈ ಊರು ನಮ್ಮದು.' ಈ ಒಂದು ಸಲಕ್ಕಾದರೂ ಈ ಮಾತು ನಿಜ ಎನ್ನಿಸಿತು ಅವನಿಗೆ.

ಆ ಶುಕ್ರವಾರ ಬಾಲ್ತಸಾರ್ ಎಂದಿನಂತೆ ಬಂದ, ತಿಂದ, ತೆಗೆದುಕೊಂಡು ಹೋದ. ಎವಾರಿಸ್ತೊ ಎಂದಿನಂತೆ ಬುಟ್ಟಿ ಕಟ್ಟಿದ. ಕೀಕಮ್ಮನಲ್ಲಿ ಎಂದಿನಂತೆ ಒಂದು ಲೋಟ ದಾಸವಾಳದ ಪಾನಕ ಕುಡಿದ, ಎಂದಿನಂತೆ ಅವಳ ಅಳಿಯನನ್ನು ಬೈದ. ಆಮೇಲೆ ಕೆರೆಯ ದಾರಿ ಹಿಡಿದ.

ಹೆಜ್ಜೆ ಸದ್ದಿಗೆ ಬಾಲ್ತಸಾರ್ ತಿರುಗಿ ನೋಡಿದ. ಪಿಸ್ತೂಲನ್ನು ನೋಡಿಯೂ ಗಾಳ ಕೆಳಗಿಡಲಿಲ್ಲ.

"ಏನೋ ರೊಟ್ಟಿ, ಇಲ್ಲೀವರ್ಗೂ ಬಂದ್ಬಿಟ್ಟೆ? ಯಾರ್ ಕಳ್ಸಿದ್ರು ನಿನ್ನ?"

"ಜರಿ ಪಡೆ," ಎಂದ ಎವಾರಿಸ್ತೊ.

ಬಾಲ್ತಸಾರ್‌ಗೆ ನಗು ಬಂತು. ಹೆದರಿದವನ ನಗುವಲ್ಲ, ಹೊಟ್ಟೆಯಿಂದ ಎದ್ದು ಬಂದ ನಿಜವಾದ ನಗು. ಕುರ್ಚಿ ಅಲುಗಾಡಿತು. "ಲೇ ಪೆದ್ದ್ ಮುಂಡೇದೆ," ಎಂದ ಕಣ್ಣೊರೆಸಿಕೊಳ್ಳುತ್ತಾ, "ಜರಿ ಪಡೆನ ನಂಗೇ ಹೇಳ್ತೀಯೇನೋ? ಆ ಬಟ್ಟೆ ಬರ್ಯೋನೇ ನಾನು ಕಣೋ. ನಿಮ್ಮಣ್ಣಂದೂ ನಾನೇ..."

ಮುಂದಿನದು ಬೇಕಿರಲಿಲ್ಲ. ಹಕ್ಕಿಗಳು ಎದ್ದವು, ಮತ್ತೆ ಕೂತವು. ಎವಾರಿಸ್ತೊ ಬಟ್ಟೆಯನ್ನು ಜಾಲಿಯ ಕೊಂಬೆಗೆ ಬಿಗಿದ, ವಸೂಲಿಯ ಚೀಲವನ್ನು ಮುಟ್ಟದೆ ಬಿಟ್ಟ, ಪಿಸ್ತೂಲನ್ನು ಕೆರೆಯ ಆಳಕ್ಕೆ ಎಸೆದ. ಭಯವೇ ಆಗಲಿಲ್ಲ. ಅದೇ ಅವನಿಗೆ ಆಶ್ಚರ್ಯ. ಅನುಮಾನವನ್ನು ಇಷ್ಟು ದಿನ ಹೊತ್ತು ತಿರುಗಿದವನಿಗೆ ಸತ್ತವನ ಬಾಯಿಂದಲೇ ಸಹಿ ಸಿಕ್ಕಿತ್ತು. ಜರಿ ಪಡೆ ಇಲ್ಲ. ಎಂದೂ ಇರಲಿಲ್ಲ.

ಸಂಜೆ ಕೋಳಿ ಅಂಗಡಿಯ ಟಿವಿಯ ಮುಂದೆ ಬೀದಿಯೇ ಸೇರಿತ್ತು. ಎವಾರಿಸ್ತೊ ಹಿಂದೆ ನಿಂತ. ಪ್ರಾಸಿಕ್ಯೂಟರು ಕೋಲು ಹಿಡಿದು ಬಂದ, ಮುಖ ಸ್ವಲ್ಪ ಹಳದಿಯಾಗಿತ್ತು. ಕೆರೆಯ ಬಳಿಯ ಕೊಲೆ ಜರಿ ಪಡೆಯದೇ ಎಂದು ದೃಢಪಟ್ಟಿದೆ, ಅವರೊಳಗೇ ಬಿರುಕು ಬಂದಿರುವ ಸೂಚನೆ ಇದು, ಜನ ಎಚ್ಚರದಿಂದಿರಬೇಕು ಎಂದ. ಪಕ್ಕದಲ್ಲಿ ಠಾಣೆಯ ಕಮಾಂಡರ್ ಕಿರೋಗಾ ಕೈಕಟ್ಟಿ ನಿಂತಿದ್ದ.

"ಬಾಲ್ತಸಾರ್‌ನನ್ನೇ ಬಿಡ್ಲಿಲ್ಲ ಅಂದ್ರೆ ನಮ್ನ್ ಬಿಡ್ತಾರಾ?" ಎಂದ ಕೋಳಿ ಅಂಗಡಿಯ ಇಲಾರಿಯೊ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾ.

"ತಮ್ಮೋರ್ನೇ ತಿನ್ನೋಕ್ ಶುರು ಮಾಡಿದ್ರಲ್ಲಪ್ಪ," ಎಂದಳು ಒಬ್ಬ ಮುದುಕಿ. "ಇನ್ನು ನಾವ್ಯಾವ ಲೆಕ್ಕ."

ಹಸಿಂತಾ ಮಗುವನ್ನು ಎದೆಗೊತ್ತಿಕೊಂಡು ತಾಯಿಯ ಮನೆಯ ಕಡೆ ಹೊರಟುಹೋದಳು. ಎವಾರಿಸ್ತೊ ಎಲ್ಲರಂತೆ ತಲೆಯಾಡಿಸಿದ. ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿದ್ದ, ನಗು ಬಾರದಿರಲೆಂದು. ಚಿಲಕ ಬಿದ್ದಿತ್ತು. ಒಳಗಿದ್ದವರೇ ಕೂಗಿ ಹೇಳುತ್ತಿದ್ದರು, ಹೌದು, ನಾವು ಒಳಗೇ ಇದ್ದೇವೆ ಎಂದು.

ಅಣ್ಣ ಸತ್ತ ಮೇಲೆ ಮೊದಲ ಬಾರಿಗೆ ಅವನಿಗೆ ಗಾಢ ನಿದ್ದೆ ಬಂತು.

ಬೆಳಗಿನ ಜಾವದ ಕತ್ತಲಲ್ಲೇ ಎದ್ದ. ನೆನೆದ ಜೋಳ ತೊಟ್ಟಿಯಲ್ಲಿ ಕಾಯುತ್ತಿತ್ತು. ಎಂದಿನಂತೆ ಶಟರ್ ಎತ್ತಿದ, ದೀಪ ಹಾಕಿದ, ಬೀದಿಗೆ ಬೆನ್ನು ಹಾಕಿ ರುಬ್ಬಲು ನಿಂತ. ಯಂತ್ರ ಕಿರುಗುಟ್ಟುತ್ತಾ ರೊಟ್ಟಿ ಉದುರಿಸತೊಡಗಿತು. ಹಸಿಂತಾ ಬರಲಿಲ್ಲ. ಮಗುವಿಗೆ ಜ್ವರವಿರಬೇಕು ಎಂದುಕೊಂಡು ತಾನೇ ಸುತ್ತತೊಡಗಿದ. ಬೆಳಕು ಹರಿಯಿತು. ರೊಟ್ಟಿಯ ಗುಡ್ಡೆ ಏರಿತು. ಗಿರಾಕಿಗಳು ಬರಲಿಲ್ಲ. ನಿನ್ನೆಯ ಸುದ್ದಿ ಮಾತಾಡುತ್ತಾ ಹಾಸಿಗೆಯಲ್ಲೇ ಇದ್ದಾರೆ ಸೋಮಾರಿಗಳು ಎಂದುಕೊಂಡು ಶಿಳ್ಳೆ ಹಾಕಿದ. ಅಣ್ಣ ಹಾಕುತ್ತಿದ್ದ ಶಿಳ್ಳೆ ಅದು.

"ಒಂದು ಕಿಲೋ ಕಟ್ಟು," ಎಂದಿತು ಒಂದು ದನಿ.

ಕಿಟಕಿ ತುಂಬ ಕಮಾಂಡರ್ ಕಿರೋಗಾ ನಿಂತಿದ್ದ. ಸಮವಸ್ತ್ರವಿಲ್ಲ, ಬಿಳಿ ಅಂಗಿ, ಆಗಷ್ಟೇ ಸ್ನಾನ ಮಾಡಿದ ಕೂದಲು. ಎವಾರಿಸ್ತೊಗೆ ಗಾಬರಿಯಾಗಲಿಲ್ಲ. ಈ ಭೇಟಿಗೂ ಅವನು ಉತ್ತರಗಳನ್ನು ಜೋಡಿಸಿಟ್ಟುಕೊಂಡಿದ್ದ. ಕೀಕಮ್ಮ, ಪಾನಕ, ಅವಳ ಅಳಿಯ. ಎಲ್ಲ ಸಿದ್ಧ.

"ಬಿಸಿ ಇದೆ ಸಾರ್, ಕೈ ಜೋಪಾನ."

"ಬೋಣಿ ನಂದೇನಾ?"

"ಹೌದು ಸಾರ್. ಶನಿವಾರ ಅಲ್ವಾ, ಜನ ನಿಧಾನ."

"ನಿನ್ನೆ ಟಿವಿ ನೋಡಿದ್ಯಾ?"

"ನೋಡ್ದೆ ಸಾರ್."

"ಹೆದರಿಕೆ ಆಗ್ಲಿಲ್ವಾ?"

"ಆಗ್ದೇ ಇರುತ್ತಾ ಸಾರ್? ಯಾರಿಗಾಗಲ್ಲ?"

"ಅದೇ ನಾನೂ ಹೇಳೋದು. ಯಾರಿಗಾಗಲ್ಲ," ಎಂದ ಕಿರೋಗಾ. ಕೀಕಮ್ಮನ ಬಗ್ಗೆ ಕೇಳಲಿಲ್ಲ. ಕೆರೆಯ ಬಗ್ಗೆಯೂ ಕೇಳಲಿಲ್ಲ. ಕಟ್ಟನ್ನು ಕಂಕುಳಿಗೆ ಸೇರಿಸಿ, ಕಿಟಕಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಎವಾರಿಸ್ತೊಗೆ ಬೀದಿ ಕಾಣಲೆಂದು.

ಅವತ್ತು ಬೆಳಿಗ್ಗೆ ಅವನು ಬೀದಿಯನ್ನು ನೋಡಿದ್ದು ಅದೇ ಮೊದಲು. ಇಲಾರಿಯೊನ ಶಟರ್ ಕೆಳಗಿತ್ತು. ಔಷಧಿ ಅಂಗಡಿಯದೂ. ಈಚೆ ಮಾರುಕಟ್ಟೆಯ ಬಾಗಿಲಿನಿಂದ ಆಚೆ ತಿರುವಿನವರೆಗೆ ಎಲ್ಲವೂ ನೆಲಕ್ಕೆ ಕಚ್ಚಿಕೊಂಡು ಬೀಗ ಹಾಕಿಕೊಂಡಿದ್ದವು. ಮನೆಗಳ ಕಿಟಕಿಗೂ ಹಲಗೆ ಬಿದ್ದಿತ್ತು. ಇಂಥ ಬಟ್ಟೆ ಕಂಡ ಮರುದಿನ ಸಾಂತಾ ರೊಸೆಂದಾದಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಪ್ರತಿ ಸಲ ಅವನೂ ಹಾಗೇ ಮುಚ್ಚಿಕೊಂಡು ಒಳಗೆ ಕೂತಿದ್ದ. ನೆನಪಿಟ್ಟುಕೊಂಡು ಮಾಡಿದ್ದಲ್ಲ, ಹೊಟ್ಟೆಯೊಳಗಿನ ಭಯವೇ ಶಟರ್ ಎಳೆದಿತ್ತು. ಈ ಸಲ ಆ ಭಯ ಇರಲಿಲ್ಲ. ಬಿಕೋ ಎನ್ನುವ ಇಡೀ ಬೀದಿಯಲ್ಲಿ ದೀಪ ಉರಿಯುತ್ತಿದ್ದುದು ಒಂದೇ ಅಂಗಡಿ, ಕಿರುಗುಟ್ಟುತ್ತಿದ್ದುದು ಒಂದೇ ಯಂತ್ರ. ಕಿರೋಗಾ ಕಟ್ಟಿನಿಂದ ಒಂದು ರೊಟ್ಟಿ ಎಳೆದು ಮಡಚಿ ಬಾಯಿಗಿಟ್ಟುಕೊಂಡ, ಅವಸರವಿಲ್ಲದೆ ಅಗಿದು ನುಂಗಿದ. "ಜರಿ ಪಡೆ ಇದೆ ಅಂತ ಊರೆಲ್ಲಾ ನಂಬಿದೆ ಮಗಾ," ಎಂದ, ಬಹಳ ಮೆತ್ತಗೆ. "ಇಲ್ಲ ಅಂತ ಗೊತ್ತಿರೋರು ನಾವಷ್ಟೇ ಅಂದ್ಕೊಂಡಿದ್ವಿ."